ಶೊಟ್ಟನ್‌ಟೋರ್‌ನಲ್ಲಿ ಇಳಿದರೆ ಐರ್ಲೆಂಡ್

ಕಳೆದ ಮೇ ತಿಂಗಳಲ್ಲಿ ಅಪ್ಪ ಅಮ್ಮ ಮೊದಲ ಸಲ ವಿಯೆನ್ನಾಕ್ಕೆ ಬಂದರು. ಅರಸೀಕೆರೆಯಿಂದ ಬೆಂಗಳೂರು, ಅಲ್ಲಿಂದ ವಿಮಾನ. ಒಂದು ಸೂಟ್‌ಕೇಸ್ ತುಂಬ ರಾಗಿ ಹಿಟ್ಟು, ಚಟ್ನಿಪುಡಿ, ಕೊಬ್ಬರಿ. ಇನ್ನೊಂದರಲ್ಲಿ ಮೊಮ್ಮಗಳಿಗೆ ಲಂಗ, ಜೊತೆಗೆ ಅಪ್ಪನ ಎರಡು ನೋಟ್‌ಬುಕ್. ಅಪ್ಪ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವರು. ಎಲ್ಲಿಗೆ ಹೋದರೂ ಬೋರ್ಡು ಓದುವುದು, ಬರೆದುಕೊಳ್ಳುವುದು ಅವರ ಅಭ್ಯಾಸ.

ಮೊದಲ ವಾರ ಎಲ್ಲರೂ ತೋರಿಸುವುದನ್ನೇ ನಾನೂ ತೋರಿಸಿದೆ. ಷೋನ್‌ಬ್ರುನ್ ಅರಮನೆ, ದೊಡ್ಡ ಚರ್ಚು, ಡ್ಯಾನ್ಯೂಬ್ ನದಿ. ಎರಡನೇ ವಾರ ನನ್ನ ಆಫೀಸು ಎಲ್ಲಿದೆ ತೋರಿಸು ಅಂದರು. ಮೆಟ್ರೋದಲ್ಲಿ ಕರೆದುಕೊಂಡು ಹೋಗಿ ಶೊಟ್ಟನ್‌ಟೋರ್ ಸ್ಟೇಷನ್ನಿನಲ್ಲಿ ಇಳಿದೆವು. ಎಸ್ಕಲೇಟರ್ ಹತ್ತುತ್ತಾ ಅಪ್ಪ ಕೇಳಿದರು, “ಶೊಟ್ಟನ್‌ಟೋರ್ ಅಂದ್ರೆ ಏನಮ್ಮಾ?”

“ಟೋರ್ ಅಂದ್ರೆ ಬಾಗಿಲು ಅಪ್ಪ. ಶೊಟ್ಟನ್ ಅಂದ್ರೆ ಸ್ಕಾಟ್ಲೆಂಡಿನವರು.”

“ಬಾಗಿಲು ಎಲ್ಲಿದೆ?”

“ನಮ್ಮ ಹಲಸೂರು ಗೇಟಲ್ಲಿ ಗೇಟ್ ಎಲ್ಲಿದೆ? ಹಾಗೇ. ಕೋಟೆ ಹೋಯ್ತು, ಹೆಸರು ಉಳೀತು.”

“ಅದು ಸರಿ. ಸ್ಕಾಟ್ಲೆಂಡಿನವರು ಇಲ್ಲಿಗೆ ಯಾಕೆ ಬಂದಿದ್ರು?”

ನನಗೆ ಗೊತ್ತಿರಲಿಲ್ಲ. ಏಳು ವರ್ಷದಿಂದ ದಿನಾ ಅದೇ ಸ್ಟೇಷನ್ನಿನಲ್ಲಿ ಹತ್ತಿ ಇಳಿದಿದ್ದೇನೆ. ಒಂದು ದಿನವೂ ಆ ಪ್ರಶ್ನೆ ತಲೆಗೆ ಬಂದಿರಲಿಲ್ಲ.

ಸ್ಟೇಷನ್ನಿನಿಂದ ಐದು ನಿಮಿಷ ನಡೆದರೆ ಫ್ರೈಯುಂಗ್ ಅನ್ನೋ ಚೌಕ. ಅಲ್ಲೇ ಶೊಟ್ಟನ್ ಮಠ, ಅದರ ಚರ್ಚು. ಅಲ್ಲಿಂದ ಶುರುವಾದ ಓದು, ಆಮೇಲೆ ಒಂದು ತಿಂಗಳು ನಮ್ಮಿಬ್ಬರನ್ನೂ ಬಿಡಲಿಲ್ಲ. ನಾನು ಹೇಳಿದ್ದೇ ತಪ್ಪಾಗಿತ್ತು. ಆ “ಸ್ಕಾಟರು” ಸ್ಕಾಟ್ಲೆಂಡಿನವರಲ್ಲ, ಐರ್ಲೆಂಡಿನವರು. ಆ ಕಾಲದ ಲ್ಯಾಟಿನ್ ಬರಹಗಳಲ್ಲಿ ಐರ್ಲೆಂಡಿಗೆ ದೊಡ್ಡ ಸ್ಕೋಶಿಯಾ ಎಂಬ ಹೆಸರಿತ್ತು. 1155ರಲ್ಲಿ ಎರಡನೇ ಹೈನ್ರಿಶ್ ಎಂಬ ದೊರೆ ವಿಯೆನ್ನಾವನ್ನು ತನ್ನ ರಾಜಧಾನಿ ಮಾಡಿಕೊಂಡು, ಊರಿಗೊಂದು ಮಠ ಬೇಕು ಅಂತ ಜರ್ಮನಿಯ ರೇಗನ್ಸ್‌ಬುರ್ಗ್‌ನಲ್ಲಿದ್ದ ಐರಿಷ್ ಸನ್ಯಾಸಿಗಳನ್ನು ಕರೆಸಿದ. ಅವರಿಗಾಗಿ ಕೋಟೆಯ ಹೊರಗೆ ಜಾಗ ಕೊಟ್ಟ. ಊರು ಬೆಳೆದು ಈಗ ಅದು ನಗರದ ನಡುಮಧ್ಯ.

ಐರಿಷರಿಗೆ ಇದು ಹೊಸದೇನಲ್ಲ. ಅದಕ್ಕೂ ಐನೂರು ವರ್ಷ ಮೊದಲೇ ಕೊಲುಂಬಾನುಸ್ ಎಂಬ ಸನ್ಯಾಸಿ ಐರ್ಲೆಂಡಿನಿಂದ ಹೊರಟು ಫ್ರಾನ್ಸಿನ ಲುಕ್ಸೆಯ್‌ನಲ್ಲಿ, ಇಟಲಿಯ ಬೊಬ್ಬಿಯೊದಲ್ಲಿ ಮಠ ಕಟ್ಟಿದ್ದ. ಅವನ ಶಿಷ್ಯ ಗಾಲುಸ್ ಹೆಸರಲ್ಲೇ ಸ್ವಿಟ್ಜರ್ಲೆಂಡಿನ ಸೇಂಟ್ ಗಾಲೆನ್ ಊರು ಇದೆ. ಅವರು ಮನೆ ಬಿಟ್ಟಿದ್ದು ಹೊಟ್ಟೆಪಾಡಿಗಲ್ಲ, ದೇಶಾಂತರ ಹೋಗುವುದೇ ಒಂದು ತಪಸ್ಸು ಅಂತ. ಎಲ್ಲಿ ಹೋದರೂ ಪುಸ್ತಕ ನಕಲು ಮಾಡಿದರು, ಪಾಠ ಹೇಳಿದರು.

ಫ್ರೈಯುಂಗ್ ಎಂಬ ಹೆಸರಿಗೂ ಒಂದು ಕಥೆ ಇದೆ. ಜರ್ಮನ್ನಿನ ‘ಫ್ರೈ’ ಅಂದರೆ ಸ್ವತಂತ್ರ. ಓಡಿಬಂದವರಿಗೆ ಆಶ್ರಯ ಕೊಡುವ ಹಕ್ಕು ಈ ಮಠಕ್ಕಿತ್ತು. ಆವರಣದೊಳಗೆ ಕಾಲಿಟ್ಟವನನ್ನು ಹಿಡಿಯುವ ಹಾಗಿರಲಿಲ್ಲ. ಮಠದ ಚಿತ್ರಸಂಗ್ರಹದಲ್ಲಿ 15ನೇ ಶತಮಾನದ ಒಂದು ಬಲಿಪೀಠದ ಚಿತ್ರಮಾಲೆ ಇದೆ. ಹೆರೋದನ ಭಯಕ್ಕೆ ಮರಿಯಾ, ಜೋಸೆಫ್ ಎಳೆಗೂಸು ಯೇಸುವನ್ನು ಎತ್ತಿಕೊಂಡು ಈಜಿಪ್ಟಿಗೆ ಓಡುತ್ತಿರುವ ದೃಶ್ಯದ ಹಿಂದೆ ಕಾಣುವ ಊರು ಈಜಿಪ್ಟೂ ಅಲ್ಲ, ಬೆತ್ಲೆಹೇಮೂ ಅಲ್ಲ. ವಿಯೆನ್ನಾ! ಅಮ್ಮ ಆ ಚಿತ್ರದ ಮುಂದೆ ತುಂಬಾ ಹೊತ್ತು ನಿಂತರು. “ಪಾಪ, ಬಾಣಂತೀನ ಕತ್ತೆ ಮೇಲೆ ಕೂರಿಸಿಕೊಂಡು ಹೋಗ್ತಿದಾನೆ” ಅಂದರು ಅಷ್ಟೆ.

ಆದರೆ ಅಪ್ಪನಿಗೆ ಹಿಡಿಸಿದ್ದು ಬೇರೆ ವಿಷಯ. ಈ ಮಠಕ್ಕೆ ಐರಿಷರನ್ನು ಮಾತ್ರ ಸೇರಿಸಿಕೊಳ್ಳಬೇಕು ಅಂತ 1161ರ ದಾನಪತ್ರದಲ್ಲೇ ಬರೆದಿತ್ತು. ಅವರು ಅದನ್ನು ಬಿಗಿಯಾಗಿ ಹಿಡಿದುಕೊಂಡರು. ವರ್ಷಗಳು ಹೋದಂತೆ ಐರ್ಲೆಂಡಿನಿಂದ ಬರುವವರು ಕಡಿಮೆಯಾದರು. ಸ್ಥಳೀಯರನ್ನೂ ಸೇರಿಸಿಕೊಳ್ಳಿ ಅಂತ 1418ರಲ್ಲಿ ಸುಧಾರಣೆಯ ಒತ್ತಡ ಬಂತು. ಇವರು ಒಪ್ಪಲಿಲ್ಲ, ಊರು ಬಿಟ್ಟು ಹೋದರು. ಅವತ್ತಿನಿಂದ ಮಠದಲ್ಲಿ ಇಲ್ಲಿನವರೇ ಇದ್ದಾರೆ. 263 ವರ್ಷ ಇದ್ದವರ ಹೆಸರು ಮಠದ ಮೇಲೆ, ಬಾಗಿಲ ಮೇಲೆ, ರಸ್ತೆಯ ಮೇಲೆ ಉಳಿಯಿತು. ಜನ ಮಾತ್ರ ಉಳಿಯಲಿಲ್ಲ.

“ನಿಮ್ಮ ಕನ್ನಡ ಬಳಗದ ಥರ” ಅಂತ ಅಪ್ಪ ನಕ್ಕರು.

ಹಿಂದಿನ ಭಾನುವಾರವಷ್ಟೇ ನಾವು ಪರಿಚಯದ ಕನ್ನಡದವರು ಒಂದು ಪಾರ್ಕಿನಲ್ಲಿ ಸೇರಿದ್ದೆವು. ಚಿತ್ರಾನ್ನ, ಕೋಸಂಬರಿ, ಅಂತ್ಯಾಕ್ಷರಿ. ಏಳು ವರ್ಷದಲ್ಲಿ ನನ್ನ ಮನೆಗೆ ಊಟಕ್ಕೆ ಬಂದ ಆಸ್ಟ್ರಿಯಾದವರು ಎಷ್ಟು ಜನ ಅಂತ ಲೆಕ್ಕ ಹಾಕಿದೆ. ಒಂದು ಕೈ ಬೆರಳು ಸಾಕಾಯಿತು. ನಾನು ನಗಲಿಲ್ಲ. ಯಾಕಂದರೆ ಆ ಹೊತ್ತಿಗೆ ನನ್ನ ಮೇಜಿನ ಡ್ರಾಯರ್‌ನಲ್ಲಿ ಒಂದು ಕಡತ ಇತ್ತು. ಅದರ ವಿಷಯ ಅಪ್ಪನಿಗೆ ಹೇಳಿರಲಿಲ್ಲ.

ಆಸ್ಟ್ರಿಯಾದ ಪೌರತ್ವಕ್ಕೆ ಅರ್ಜಿ ಹಾಕಬೇಕಾದರೆ ಸಾಮಾನ್ಯವಾಗಿ ಹತ್ತು ವರ್ಷ ಇಲ್ಲಿರಬೇಕು. ಜರ್ಮನ್ ಭಾಷೆಯಲ್ಲಿ ಮೇಲಿನ ಹಂತದ ಪರೀಕ್ಷೆ ಪಾಸಾಗಿದ್ದರೆ ಆರು ವರ್ಷಕ್ಕೇ ಆಗುತ್ತದೆ. ಆದರೆ ಹಳೆಯ ಪೌರತ್ವ ಬಿಡಬೇಕು. ನಮ್ಮ ದೇಶವೂ ಎರಡು ಪೌರತ್ವ ಒಪ್ಪುವುದಿಲ್ಲ. ಅಂದರೆ ನೀಲಿ ಪಾಸ್‌ಪೋರ್ಟ್ ವಾಪಸ್ ಕೊಡಬೇಕು. ನಾನು ಪರೀಕ್ಷೆ ಪಾಸು ಮಾಡಿ ಒಂದು ವರ್ಷವಾಗಿತ್ತು. ಕಾಗದವೆಲ್ಲ ಜೋಡಿಸಿಟ್ಟಿದ್ದೆ. ಅರ್ಜಿ ಕೊಡೋಕೆ ಮಾತ್ರ ಕೈ ಬರುತ್ತಿರಲಿಲ್ಲ.

ಸನ್ಯಾಸಿಗಳು ಹೋದ ಎಷ್ಟೋ ಕಾಲದ ಮೇಲೆ ಐರಿಷರು ಇನ್ನೊಂದು ಸಲ ಯುರೋಪಿಗೆ ಬಂದರು. ಈ ಸಲ ತಪಸ್ಸಿಗಲ್ಲ. 1601ರ ಕಿನ್ಸೇಲ್ ಯುದ್ಧದಲ್ಲಿ ಸೋತ ಮೇಲೆ, 1607ರಲ್ಲಿ ಉತ್ತರ ಐರ್ಲೆಂಡಿನ ದೊಡ್ಡ ಪಾಳೆಯಗಾರರು ಹಡಗು ಹತ್ತಿದರು. 1691ರಲ್ಲಿ ಲಿಮರಿಕ್ ಒಪ್ಪಂದವಾದಾಗ ಸುಮಾರು 14 ಸಾವಿರ ಸೈನಿಕರು ಒಟ್ಟಿಗೇ ಫ್ರಾನ್ಸಿಗೆ ಹೋದರು. ‘ಕಾಡು ಬಾತುಗಳು’ ಅಂತ ಅವರಿಗೆ ಹೆಸರು. ಹಿಂದೆ ಉಳಿದ ಕ್ಯಾಥೊಲಿಕರು ಜಮೀನು ಕೊಳ್ಳುವ ಹಾಗಿಲ್ಲ, ಸೈನ್ಯದಲ್ಲಿ ಅಧಿಕಾರಿಯಾಗುವ ಹಾಗಿಲ್ಲ, ಪಾರ್ಲಿಮೆಂಟಿನಲ್ಲಿ ಕೂರುವ ಹಾಗಿಲ್ಲ ಅಂತ ಇಂಗ್ಲಿಷರ ಆಡಳಿತ ಒಂದರ ಮೇಲೊಂದು ಕಾನೂನು ತಂದಿತು. ಓದಿದವರು, ಕತ್ತಿ ಹಿಡಿಯಬಲ್ಲವರು ಹೊರಗೆ ಹೋದರು.

ಹೋದವರು ಎಲ್ಲೆಲ್ಲಿ ಏನೇನಾದರು ಅಂತ ಅಪ್ಪ ನೋಟ್‌ಬುಕ್ಕಿನಲ್ಲಿ ಪಟ್ಟಿ ಮಾಡಿದರು. ಸ್ಪೇನಿನಲ್ಲಿ ರಿಕಾರ್ಡೊ ವಾಲ್ 18ನೇ ಶತಮಾನದಲ್ಲಿ ಮುಖ್ಯ ಮಂತ್ರಿಯಾದ. 19ನೇ ಶತಮಾನದಲ್ಲಿ ಲಿಯೊಪೊಲ್ಡೊ ಓಡೊನೆಲ್ ಪ್ರಧಾನಿಯಾದ, ಮ್ಯಾಡ್ರಿಡ್‌ನಲ್ಲಿ ಅವನ ಹೆಸರಿನ ಮೆಟ್ರೋ ಸ್ಟೇಷನ್ ಇದೆ. ಫ್ರಾನ್ಸಿನಲ್ಲಿ ಪಾಟ್ರಿಸ್ ದ ಮಕ್‌ಮಹೊನ್ 1873ರಿಂದ 1879ರ ತನಕ ರಾಷ್ಟ್ರಾಧ್ಯಕ್ಷನಾಗಿದ್ದ. ಅದೇ ಫ್ರಾನ್ಸಿನ ಪರವಾಗಿ ನಮ್ಮ ಕಡೆ ಕಾದಾಡಿದ ಕೌಂಟ್ ಲಾಲಿಯ ತಂದೆಯೂ ಐರ್ಲೆಂಡಿನಿಂದ ಬಂದವನು. ಪಾಂಡಿಚೇರಿಯಲ್ಲಿ ಲಾಲಿಗೆ ಮುತ್ತಿಗೆ ಬಿದ್ದಾಗ ಸಹಾಯಕ್ಕೆ ದಂಡು ಕಳಿಸಿದ್ದು ನಮ್ಮ ಹೈದರಾಲಿ. ಲಾಲಿಯನ್ನು ಸೋಲಿಸಿದ ಇಂಗ್ಲಿಷ್ ಸೇನಾನಿ ಐರ್ ಕೂಟ್ ಹುಟ್ಟಿದ್ದೂ ಐರ್ಲೆಂಡಿನ ಲಿಮರಿಕ್ ಸೀಮೆಯಲ್ಲೇ. ಅದೇ ಕೂಟ್ 1781ರಲ್ಲಿ ಪೋರ್ಟೊ ನೊವೊದಲ್ಲಿ ಹೈದರನ ಎದುರು ನಿಂತ. “ಇಷ್ಟು ವರ್ಷ ಪಾಠ ಮಾಡಿದೀನಿ, ಎರಡೂ ಕಡೆ ಐರಿಷ್ ರಕ್ತ ಅಂತ ಗೊತ್ತಿರಲಿಲ್ಲ ನೋಡು” ಅಂದರು ಅಪ್ಪ.

ಆಸ್ಟ್ರಿಯಾದ ಕಥೆ ನೋಡಬೇಕಾದರೆ ಶೊಟ್ಟನ್‌ಟೋರ್‌ನಿಂದ ದೂರ ಹೋಗುವುದೇ ಬೇಡ. ಅಲ್ಲಿಂದ 43ನೇ ನಂಬರ್ ಟ್ರಾಮ್ ಹತ್ತಿ ಕೊನೆಯ ಸ್ಟಾಪ್ ನೊಯ್‌ವಾಲ್ಡೆಗ್‌ನಲ್ಲಿ ಇಳಿದರೆ ವಿಯೆನ್ನಾದ ಕಾಡು ಶುರು. ಎರಡು ಚೂಪು ಕಂಬಗಳ ನಡುವೆ ಉದ್ದಕ್ಕೆ ಮರಗಳ ಸಾಲಿನ ದಾರಿ. ಒಂದು ಶನಿವಾರ ಬುತ್ತಿ ಕಟ್ಟಿಕೊಂಡು ಎಲ್ಲರೂ ಹೋದೆವು. ಆ ಜಾಗ 18ನೇ ಶತಮಾನದಲ್ಲಿ ಫೀಲ್ಡ್ ಮಾರ್ಷಲ್ ಫ್ರಾನ್ಸ್ ಮೋರಿಟ್ಸ್ ಲಾಸಿಯ ಎಸ್ಟೇಟ್. ಅವನ ಸಮಾಧಿ ಕಾಡಿನೊಳಗೆ ಅಲ್ಲೇ ಇದೆ. ಅವನ ತಂದೆ ಪೀಟರ್ ಲಾಸಿ ಲಿಮರಿಕ್‌ನಿಂದ ಹೊರಟಾಗ ಹದಿಮೂರರ ಹುಡುಗ. ಅಲ್ಲಿ ಇಲ್ಲಿ ಸೇವೆ ಮಾಡಿ, ಕೊನೆಗೆ ರಷ್ಯಾದ ಫೀಲ್ಡ್ ಮಾರ್ಷಲ್ ಆದ. ಮಗ ಹುಟ್ಟಿದ್ದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ, ಬೆಳೆದು ಸೇರಿದ್ದು ಆಸ್ಟ್ರಿಯಾಕ್ಕೆ. 1766ರಲ್ಲಿ ಯುದ್ಧಮಂಡಲಿಯ ಅಧ್ಯಕ್ಷನಾಗಿ ಸೈನ್ಯದ ಇಡೀ ವ್ಯವಸ್ಥೆ ತಿದ್ದಿದ. ಮೂರು ದೇಶ, ಎರಡು ತಲೆಮಾರು.

ಅದೇ 1766ರ ಮಾರ್ಚ್ 17ರಂದು, ಐರಿಷರ ಸೇಂಟ್ ಪ್ಯಾಟ್ರಿಕ್ ಹಬ್ಬಕ್ಕೆ, ವಿಯೆನ್ನಾದಲ್ಲಿ ಒಂದು ಭಾರಿ ಔತಣ ನಡೆಯಿತು. ಕರೆದವನು ಸ್ಪೇನಿನ ರಾಯಭಾರಿ ಕೌಂಟ್ ಮಹೋನಿ, ಅವನೂ ಐರಿಷ್ ಮೂಲದವನು. ಬಂದವರು ಲಾಸಿ, ಜನರಲ್‌ಗಳಾದ ಓಡೊನೆಲ್, ಓಕೆಲ್ಲಿ, ಮಗ್ವಾಯರ್, ಬ್ರೌನ್, ಪ್ಲಂಕೆಟ್. ಅವತ್ತು ಆಸ್ಥಾನದವರೆಲ್ಲ ಐರಿಷರ ಗೌರವಕ್ಕೆ ಎದೆಗೆ ಶಿಲುಬೆ ಧರಿಸಿದ್ದರಂತೆ. ನಮ್ಮ ರಾಜ್ಯೋತ್ಸವಕ್ಕೆ ಬಾಡಿಗೆ ಹಾಲಿನಲ್ಲಿ ಹಳದಿ ಕೆಂಪು ಶಾಲು ಹಾಕಿಕೊಂಡು ನಿಲ್ಲುವ ನಾವು ನೆನಪಾದೆವು. ವ್ಯತ್ಯಾಸ ಇಷ್ಟೆ. ಅವರ ಹಬ್ಬಕ್ಕೆ ಊರಿನವರೂ ಬಂದಿದ್ದರು, ನಮ್ಮದಕ್ಕೆ ನಾವೇ ಹೋಗುತ್ತೇವೆ.

ಶೊಟ್ಟನ್‌ಟೋರ್‌ನ ಎದುರಿಗೇ ಎರಡು ಎತ್ತರದ ಗೋಪುರಗಳ ಫೊಟೀಫ್ ಚರ್ಚ್ ಇದೆ. ಅದು ಅಲ್ಲಿರುವುದಕ್ಕೂ ಒಬ್ಬ ಐರಿಷ್ ಮೂಲದವನು ಕಾರಣ. 1853ರ ಫೆಬ್ರವರಿಯಲ್ಲಿ ಯುವ ಚಕ್ರವರ್ತಿ ಫ್ರಾನ್ಸ್ ಜೋಸೆಫ್ ಕೋಟೆಯ ಮೇಲೆ ನಡೆದು ಹೋಗುತ್ತಿದ್ದಾಗ ಲಿಬೇನಿ ಎಂಬ ಹಂಗೆರಿಯ ದರ್ಜಿ ಹುಡುಗ ಚಾಕು ಹಾಕಿದ. ಪಕ್ಕದಲ್ಲಿದ್ದ ಅಂಗರಕ್ಷಕ ಅಧಿಕಾರಿ ಮಾಕ್ಸಿಮಿಲಿಯನ್ ಓಡೊನೆಲ್ ಕತ್ತಿ ಎಳೆದು ತಡೆದ. ಚಕ್ರವರ್ತಿ ಉಳಿದಿದ್ದಕ್ಕೆ ಹರಕೆಯ ಚರ್ಚು ಎದ್ದಿತು. ಅಪ್ಪನಿಗೆ ಇದು ಅಷ್ಟು ಹಿತವಾಗಲಿಲ್ಲ. “ಆ ಹಂಗೆರಿಯವರ ದಂಗೆಯನ್ನ ನಾಲ್ಕು ವರ್ಷದ ಹಿಂದಷ್ಟೇ ಇದೇ ಚಕ್ರವರ್ತಿ ಹೊಸಕಿ ಹಾಕಿದ್ದ. ಒಬ್ಬರ ದಬ್ಬಾಳಿಕೆ ತಾಳದೆ ಊರು ಬಿಟ್ಟವರ ಮಕ್ಕಳು, ಇನ್ನೊಬ್ಬರ ದಬ್ಬಾಳಿಕೆಗೆ ಕಾವಲು ನಿಂತರಲ್ಲ” ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಉಪ್ಪು ತಿಂದ ಮನೆಗೆ ನಿಷ್ಠೆ ಅಂತ ನಾವು ಸುಲಭವಾಗಿ ಹೇಳುತ್ತೇವೆ. ಆ ಮನೆ ಏನು ಮಾಡುತ್ತಿದೆ ಅಂತಲೂ ನೋಡಬೇಕಾಗುತ್ತದೆ.

ಅದಕ್ಕೇ ನನಗೆ ಈ ಎಲ್ಲರಿಗಿಂತ ಎಡ್ವರ್ಡ್ ಟಾಫೆ ಹೆಚ್ಚು ಆಪ್ತನಾಗಿ ಕಂಡ. ಕತ್ತಿಯವನಲ್ಲ, ಕಡತದವನು. ಅವನ ವಂಶದವರು ಐರ್ಲೆಂಡಿನ ಸ್ಲೈಗೊ ಸೀಮೆಯವರು. ಐರಿಷ್ ಬಿರುದನ್ನು ಇಟ್ಟುಕೊಂಡೇ ಬೊಹೀಮಿಯಾದಲ್ಲಿ, ಅಂದರೆ ಈಗಿನ ಜೆಕ್ ದೇಶದಲ್ಲಿ, ನೆಲೆಯಾದವರು. ಎಡ್ವರ್ಡ್ ವಿಯೆನ್ನಾದಲ್ಲೇ 1833ರಲ್ಲಿ ಹುಟ್ಟಿದ, ಫ್ರಾನ್ಸ್ ಜೋಸೆಫನ ಬಾಲ್ಯದ ಗೆಳೆಯ. ಫೊಟೀಫ್ ಚರ್ಚ್ ಪೂರ್ತಿಯಾದ 1879ರಲ್ಲೇ ಆಸ್ಟ್ರಿಯಾದ ಪ್ರಧಾನಿಯಾದ. 14 ವರ್ಷ ಆ ಕುರ್ಚಿಯಲ್ಲಿ ಕೂತ. ಆ ಚಕ್ರವರ್ತಿಯ ಕೈಕೆಳಗೆ ಅಷ್ಟು ಕಾಲ ಉಳಿದ ಆಸ್ಟ್ರಿಯಾದ ಪ್ರಧಾನಿ ಇನ್ನೊಬ್ಬನಿಲ್ಲ.

ಅವನೇನು ಮಹಾತ್ಮನಲ್ಲ. ಕಾರ್ಮಿಕ ಚಳವಳಿಗಾರರ ಮೇಲೆ ಕಠಿಣ ಕಾನೂನು ತಂದ. ಎಲ್ಲ ಜನಾಂಗದವರನ್ನೂ ಒಂದೇ ಪ್ರಮಾಣದ ಅಸಮಾಧಾನದಲ್ಲಿ ಇಟ್ಟಿರುವುದೇ ಅವನ ರಾಜಕೀಯ ಅಂತ ಹೆಸರಾಗಿತ್ತು. ಆದರೆ ಅವನ ಕಾಲದಲ್ಲಿ ಆದ ಕೆಲಸ ನೋಡಿ. 1880ರ ಆಜ್ಞೆಯಲ್ಲಿ, ಬೊಹೀಮಿಯಾ, ಮೊರಾವಿಯಾಗಳಲ್ಲಿ ಜೆಕ್ ಭಾಷೆಯಲ್ಲಿ ಅರ್ಜಿ ಕೊಟ್ಟವನಿಗೆ ಸರ್ಕಾರಿ ಕಚೇರಿ ಜೆಕ್‌ನಲ್ಲೇ ಉತ್ತರ ಕೊಡಬೇಕು ಅಂತಾಯಿತು. 1882ರಲ್ಲಿ ಪ್ರಾಗ್ ವಿಶ್ವವಿದ್ಯಾಲಯದಲ್ಲಿ ಜೆಕ್ ಭಾಷೆಗೇ ಪ್ರತ್ಯೇಕ ವಿಭಾಗ ಸಿಕ್ಕಿತು. ಕಾರ್ಖಾನೆಯಲ್ಲಿ ದಿನಕ್ಕೆ 11 ಗಂಟೆಗಿಂತ ಹೆಚ್ಚು ದುಡಿಸುವ ಹಾಗಿಲ್ಲ ಅಂತ 1885ರಲ್ಲಿ ಕಾನೂನು ಬಂತು. 1887ರಲ್ಲಿ ಅಪಘಾತ ವಿಮೆ, 1888ರಲ್ಲಿ ಆರೋಗ್ಯ ವಿಮೆ. ನನ್ನ ಹೆರಿಗೆಯ ಆಸ್ಪತ್ರೆ ಬಿಲ್ಲು ಕಟ್ಟಿದ ವಿಮೆಯ ಬೇರು ಎಲ್ಲಿಗೆ ಹೋಗುತ್ತದೆ ಅಂತ ಅವತ್ತೇ ನನಗೆ ತಿಳಿದದ್ದು.

ಇನ್ನೊಂದು ವಿಷಯ ಓದುವಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆಗ ಮತ ಹಾಕಲು ತೆರಿಗೆ ಕಟ್ಟಿರಬೇಕಿತ್ತು. ಅದೂ ಇಂತಿಷ್ಟು ಅಂತ. 1882ರಲ್ಲಿ ಟಾಫೆಯ ಸರ್ಕಾರ ಆ ಮಿತಿಯನ್ನು ಐದು ಗುಲ್ಡನ್‌ಗೆ ಇಳಿಸಿತು. ಸಣ್ಣ ಅಂಗಡಿಯವರು, ಕಸುಬುದಾರರು, ರೈತರು ಮೊದಲ ಸಲ ಮತದಾರರಾದರು. ‘ಐದು ಗುಲ್ಡನ್ ಗಂಡಸರು’ ಅಂತಲೇ ಅವರನ್ನು ಕರೆಯುತ್ತಿದ್ದರು. 1893ರಲ್ಲಿ ಮತದಾನವನ್ನು ಇನ್ನೂ ತುಂಬಾ ಜನರಿಗೆ ಹರಡುವ ಮಸೂದೆ ತಂದಾಗ ಅವನ ಬೆಂಬಲಿಗರೇ ತಿರುಗಿ ಬಿದ್ದರು. ಸರ್ಕಾರ ಬಿತ್ತು.

ನಾನು ಏಳು ವರ್ಷದಿಂದ ಇಲ್ಲಿ ತೆರಿಗೆ ಕಟ್ಟುತ್ತಿದ್ದೇನೆ. ಮತ ಇಲ್ಲ. ಮಗಳ ಶಿಶುವಿಹಾರದಲ್ಲಿ ಎಷ್ಟು ಜನ ಟೀಚರ್ ಇರಬೇಕು, ನಮ್ಮ ಬೀದಿಯಲ್ಲಿ ಮರ ಇರಬೇಕೋ ಪಾರ್ಕಿಂಗ್ ಇರಬೇಕೋ, ಇದ್ಯಾವುದರಲ್ಲೂ ನನ್ನ ಮಾತು ನಡೆಯುವುದಿಲ್ಲ. ಚುನಾವಣೆ ದಿನ ಆಫೀಸಿನವರು ಓಟು ಹಾಕಿ ಬಂದ ಕಥೆ ಹೇಳುವಾಗ ನಾನು ಕಾಫಿ ತರೋಕೆ ಎದ್ದು ಹೋಗುತ್ತೇನೆ.

ಅವತ್ತು ರಾತ್ರಿ ಊಟ ಆದ ಮೇಲೆ ಕಡತ ತಂದು ಅಪ್ಪನ ಮುಂದೆ ಇಟ್ಟೆ. ಅಮ್ಮ ಮೊದಲು ಕೇಳಿದ್ದು, “ಹಾಗಾದ್ರೆ ನೀನು ಇನ್ನು ನಮ್ಮೋಳಲ್ವಾ?” ಅಂತ. ಅಪ್ಪ ಮಾತಾಡಲಿಲ್ಲ. ಒಂದೊಂದೇ ಹಾಳೆ ತಿರುವಿದರು. ಅವರಿಗೆ ಜರ್ಮನ್ ಬರುವುದಿಲ್ಲ, ಆದರೂ ಪೂರ್ತಿ ನೋಡಿದರು.

ಆಮೇಲೆ ಹೇಳಿದರು, “ನಮ್ಮ ಬೂತಿನ ಪಟ್ಟೀಲಿ ನಿನ್ನ ಹೆಸರು ಇನ್ನೂ ಇದೆ ಪುಟ್ಟಿ. ಪ್ರತಿ ಚುನಾವಣೇಲೂ ನೋಡ್ತೀನಿ. ನನ್ನ ಹೆಸರು, ನಿಮ್ಮಮ್ಮಂದು, ಆಮೇಲೆ ನಿಂದು. ಪಕ್ಕದಲ್ಲಿ ಫೋಟೋ. ಅಲ್ಲಿ ಏಳು ವರ್ಷದಿಂದ ನೀನು ಓಟು ಹಾಕಿಲ್ಲ. ಇಲ್ಲಿ ಹಾಕೋ ಹಾಗಿಲ್ಲ. ಮತ್ತೆ ನೀನು ಇರೋದು ಎಲ್ಲಿ?”

ಅದು ಬೈಗುಳವಲ್ಲ. ಎಷ್ಟೋ ಚುನಾವಣೆಗಳಲ್ಲಿ ಬೂತ್ ಅಧಿಕಾರಿಯಾಗಿ ರಾತ್ರಿಯೆಲ್ಲ ಪೆಟ್ಟಿಗೆ ಕಾದವರು ಅವರು. ಅವರಿಗೆ ಅದೊಂದು ಲೆಕ್ಕ, ಅಷ್ಟೆ. ನನಗೆ ಮಾತ್ರ ಗಂಟಲು ಕಟ್ಟಿತು.

ನಾನು ಟಾಫೆ ಮನೆತನದ ಉಳಿದ ಕಥೆ ಹೇಳಿದೆ. ಪ್ರಧಾನಿ ಎಡ್ವರ್ಡ್ 1895ರಲ್ಲಿ ತೀರಿಕೊಂಡ. ಮಗ ಹೈನ್ರಿಶ್ ಮೊದಲ ಮಹಾಯುದ್ಧದಲ್ಲಿ ಆಸ್ಟ್ರಿಯಾದ ಕಡೆ ಇದ್ದ. ಶತ್ರುವಿನ ಪರ ನಿಂತ ಅಂತ ಬ್ರಿಟಿಷರು 1919ರ ಮಾರ್ಚಿನಲ್ಲಿ ಅವನ ಐರಿಷ್ ಬಿರುದನ್ನು ಕಿತ್ತುಕೊಂಡರು. ಮುಂದಿನ ತಿಂಗಳೇ ಹೊಸ ಆಸ್ಟ್ರಿಯಾ ಗಣರಾಜ್ಯ ಎಲ್ಲ ಬಿರುದುಗಳನ್ನೂ ರದ್ದು ಮಾಡಿತು. ಎರಡು ಕಡೆಯದ್ದೂ ಒಂದೇ ವಸಂತದಲ್ಲಿ ಹೋಯಿತು. ಹೈನ್ರಿಶ್‌ನ ಮಗ ರಿಚರ್ಡ್ ಕೊನೆಗೆ ಐರ್ಲೆಂಡಿಗೇ ಹೋಗಿ ಸೇರಿಕೊಂಡ. ರತ್ನ ಪರೀಕ್ಷೆ ಅವನ ಕೆಲಸ. 1945ರಲ್ಲಿ ಡಬ್ಲಿನ್‌ನ ಒಬ್ಬ ಆಭರಣ ವ್ಯಾಪಾರಿಯಿಂದ ತಂದ ಹಳೆಯ ಹರಳುಗಳ ರಾಶಿಯಲ್ಲಿ ಒಂದು ತಿಳಿ ನೇರಳೆ ಹರಳು ಸಿಕ್ಕಿತು. ಎಲ್ಲರೂ ಸ್ಪಿನೆಲ್ ಅಂದುಕೊಳ್ಳುವಂಥದ್ದು. ಇವನು ಸೂಕ್ಷ್ಮವಾಗಿ ನೋಡಿದರೆ ಒಂದೊಂದು ಗೀರೂ ಎರಡೆರಡಾಗಿ ಕಾಣುತ್ತಿತ್ತು. ಸ್ಪಿನೆಲ್‌ನಲ್ಲಿ ಹಾಗಾಗುವುದಿಲ್ಲ. ಲಂಡನ್ನಿನ ಪ್ರಯೋಗಾಲಯಕ್ಕೆ ಕಳಿಸಿದ. ಅದು ಅಲ್ಲಿಯ ತನಕ ಲೋಕಕ್ಕೆ ಗೊತ್ತೇ ಇಲ್ಲದ ಖನಿಜ. ಅದಕ್ಕೆ ಟಾಫೈಟ್ ಅಂತ ಹೆಸರಿಟ್ಟರು.

“ಹೋದೋರು ವಾಪಸ್ ಬಂದ್ರು ಅನ್ನು” ಅಂದರು ಅಮ್ಮ, ಸ್ವಲ್ಪ ಸಮಾಧಾನವಾದಂತೆ.

“ತಲೆಮಾರುಗಳಾದ ಮೇಲೆ ಕಣೇ” ಅಂದರು ಅಪ್ಪ.

ನೀವು ವಿಯೆನ್ನಾಕ್ಕೆ ಬಂದರೆ ಅರಮನೆಗಳ ಜೊತೆ ಒಂದು ಅರ್ಧ ದಿನ ಇದಕ್ಕೂ ಇಡಿ. ಯು2 ಮೆಟ್ರೋದಲ್ಲಿ ಶೊಟ್ಟನ್‌ಟೋರ್ ತನಕ ಬನ್ನಿ. ಫೊಟೀಫ್ ಚರ್ಚ್ ನೋಡಿ, ಫ್ರೈಯುಂಗ್‌ವರೆಗೆ ನಡೆಯಿರಿ, ಮಠದ ಚಿತ್ರಗಳ ಮುಂದೆ ನಿಲ್ಲಿ. ಪಕ್ಕದಲ್ಲೇ ಮಠದ ಶಾಲೆ. 1807ರಲ್ಲಿ ಶುರುವಾದ ಆ ಶಾಲೆಯಲ್ಲಿ ಸಂಗೀತಗಾರ ಯೋಹಾನ್ ಸ್ಟ್ರೌಸ್ ಓದಿದ್ದ, ಟಾಫೆಯ ಸರ್ಕಾರವನ್ನು ಕಾಡಿದ ಕಾರ್ಮಿಕ ನಾಯಕ ವಿಕ್ಟರ್ ಆಡ್ಲರ್ ಕೂಡ ಅಲ್ಲಿನ ವಿದ್ಯಾರ್ಥಿ. ಮಧ್ಯಾಹ್ನ 43ನೇ ಟ್ರಾಮ್ ಹತ್ತಿ ಲಾಸಿಯ ಕಾಡಿಗೆ ಹೋಗಿ. ಬುತ್ತಿ ಇರಲಿ, ಕಾಡಿನೊಳಗೆ ಅಂಗಡಿ ಸಿಗುವುದಿಲ್ಲ.

ಅಪ್ಪ ಅಮ್ಮ ವಾಪಸ್ ಹೊರಡುವ ದಿನ ಮಗಳು ಅಜ್ಜನಿಗೆ ಜರ್ಮನ್ನಿನಲ್ಲಿ “ಚ್ಯೂಸ್” ಅಂದಳು. “ಹೋಗಿ ಬರ್ತೀನಿ ಅನ್ನಬೇಕು ಚಿನ್ನ” ಅಂತ ಅಜ್ಜ ತಿದ್ದಿದರು. “ಹೋಗಿ ಬತೀನಿ” ಅಂದಳು. ಹೋಗುತ್ತಿದ್ದವರು ಅವರು, ಇವಳಲ್ಲ. ಯಾರೂ ತಿದ್ದಲಿಲ್ಲ.

ಮರುದಿನ ಅರ್ಜಿ ಕೊಡಲು ಕಚೇರಿಯಲ್ಲಿ ದಿನ ಗೊತ್ತು ಮಾಡಿಸಿದೆ. ಎರಡು ತಿಂಗಳ ಮುಂದಿನ ದಿನಾಂಕ ಸಿಕ್ಕಿತು. ಆ ದಿನ ಬರುವ ತನಕ ಮನಸ್ಸು ಎಷ್ಟು ಸಲ ಬದಲಾಗುತ್ತದೋ ಗೊತ್ತಿಲ್ಲ. ಊರು ತಲುಪಿದ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದರು.

“ಆ ಓಸಿಐ ಕಾರ್ಡಿಗೆ ಏನೇನು ಕಾಗದ ಬೇಕು ಅಂತ ಈಗಲೇ ಬರ್ಕೊಂಡು ಕಳಿಸು. ಇಲ್ಲಿಂದ ಬೇಕಾಗಿದ್ದು ನಾನು ಮಾಡಿಸಿಡ್ತೀನಿ” ಅಂದರು. ಆಮೇಲೆ, “ಮಗೂಗೆ ಕನ್ನಡ ಅಕ್ಷರ ಶುರು ಮಾಡಿದೀಯಾ?”

ಶುರು ಮಾಡಿದ್ದೇನೆ. ಈಗ ‘ಈ’ ತನಕ ಬಂದಿದ್ದೇವೆ.